ಪೆನ್ಸಿಲ್ಲಿನಲ್ಲಿ ಬರೆದ ವೇಳಾಪಟ್ಟಿ: ಘಟ್ಟದ ಕೆಳಗಿನ ಒಂದು ಹೈಸ್ಕೂಲಿನ ವರ್ಷ

ಜೂನ್ ಮೂರನೇ ವಾರದ ಒಂದು ಬೆಳಿಗ್ಗೆ. ಕೊಡೆ ಮಡಚಿ ಜಗುಲಿಯ ಕಂಬಕ್ಕೆ ಒರಗಿಸಿ, ಸೀರೆಯ ಅಂಚು ಹಿಂಡಿಕೊಳ್ಳುತ್ತ ಒಬ್ಬರು ತಾಯಿ ಸ್ಟಾಫ್ ರೂಮಿನ ಬಾಗಿಲಿಗೆ ಬಂದು ನಿಂತರು. ಮಗಳು ಹೊಸದಾಗಿ ಎಂಟನೇ ತರಗತಿಗೆ ಸೇರಿದ್ದಾಳೆ. "ಅಕ್ಕೋರೇ, ಕನ್ನಡ ಶಾಲೆಲಿ ಒಬ್ರೇ ಮಾಸ್ತರು ಎಲ್ಲ ಕಲಿಸ್ತಿದ್ರು. ಇಲ್ಲಿ ತಾಸಿಗೊಬ್ರು ಬತ್ರಂತೆ. ಮಗಳ ಬಗ್ಗೆ ನಾ ಯಾರನ್ನ ಕೇಳೂದು?"

ನಾನು ಕುಮಟಾ ಕಡೆಯ ಒಂದು ಹಳ್ಳಿ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುವವಳು. ಹದಿನಾಲ್ಕು ವರ್ಷದಿಂದ ಶಾಲೆಯ ವೇಳಾಪಟ್ಟಿ ಹಾಕುವ ಕೆಲಸವೂ ನನ್ನ ಕುತ್ತಿಗೆಗೇ ಬಿದ್ದಿದೆ. ವೇಳಾಪಟ್ಟಿ ಹಾಕುವವರಿಗೆ ಶಾಲೆಯ ಒಳಗುಟ್ಟೆಲ್ಲ ಗೊತ್ತಿರುತ್ತದೆ: ಯಾರ ತಲೆ ಮೇಲೆ ಎಷ್ಟು ಹೊರೆ, ಯಾವ ವಿಷಯ ಯಾವ ತಿಂಗಳಲ್ಲಿ ಸೋರುತ್ತದೆ, ಯಾರನ್ನು ಯಾವಾಗ ಕೇಳಿದರೆ ಉತ್ತರ ಸಿಗುತ್ತದೆ. ಆ ತಾಯಿಗೆ ಅಂದು ಐದು ನಿಮಿಷದಲ್ಲಿ ಹೇಳಿದ್ದು ಸಾಲಲಿಲ್ಲ. ಸಾವಕಾಶವಾಗಿ ಹೇಳುವುದಾದರೆ ಹೀಗೆ.

ಕಾಲೇಜಿನಲ್ಲಿ ಕನ್ನಡ ವಿಭಾಗವೆಂದರೆ ಒಂದು ಕೋಣೆ, ಬಾಗಿಲ ಮೇಲೊಂದು ಫಲಕ, ನಾಲ್ಕಾರು ಕುರ್ಚಿ. ನಮ್ಮಂಥ ಹೈಸ್ಕೂಲಿನಲ್ಲಿ ಕನ್ನಡ ವಿಭಾಗವೆಂದರೆ ಒಬ್ಬರೇ ಒಬ್ಬರು. ಅವರಿಗೆ ಜ್ವರ ಬಂದರೆ ವಿಭಾಗಕ್ಕೇ ಜ್ವರ. ಎಂಟು, ಒಂಬತ್ತು, ಹತ್ತು, ಹೀಗೆ ಮೂರೇ ತರಗತಿ ಇರುವ ಶಾಲೆಗೆ ಕನ್ನಡ, ಇಂಗ್ಲಿಷ್, ಹಿಂದಿಗೆ ಒಬ್ಬೊಬ್ಬರು. ಸಮಾಜಕ್ಕೆ ಒಬ್ಬರು, ಇಲಾಖೆಯ ಮಾತಿನಲ್ಲಿ 'ಕಲಾ ಶಿಕ್ಷಕರು'. ಚಿತ್ರ ಬಿಡಿಸುವವರು ಎಂದುಕೊಳ್ಳಬೇಡಿ, ಅವರು ಬೇರೆ. ದೈಹಿಕ ಶಿಕ್ಷಕರು ಒಬ್ಬರು.

ಗೊಂದಲ ಇರುವುದು ವಿಜ್ಞಾನದಲ್ಲಿ. ಮಕ್ಕಳ ಕೈಯಲ್ಲಿರುವ ಪುಸ್ತಕ ಒಂದು, ಪ್ರಶ್ನೆಪತ್ರಿಕೆ ಒಂದು, ಅಂಕಪಟ್ಟಿಯಲ್ಲಿ ಸಾಲೂ ಒಂದು. ಆದರೆ ಕಲಿಸುವವರು ಇಬ್ಬರು. ಪಿಸಿಎಂ, ಅಂದರೆ ಪದವಿಯಲ್ಲಿ ಭೌತ, ರಸಾಯನ, ಗಣಿತ ಓದಿದ ಮಾಸ್ತರು ಗಣಿತದ ಜೊತೆಗೆ ಭೌತಶಾಸ್ತ್ರದ ಪಾಠಗಳನ್ನು ತೆಗೆದುಕೊಳ್ಳುತ್ತಾರೆ; ಸಿಬಿಜೆಡ್, ಅಂದರೆ ರಸಾಯನ, ಸಸ್ಯ, ಪ್ರಾಣಿಶಾಸ್ತ್ರ ಓದಿದ ಅಕ್ಕೋರು ರಸಾಯನಶಾಸ್ತ್ರ ಮತ್ತು ಜೀವಶಾಸ್ತ್ರವನ್ನು. ಹಾಗಾಗಿ "ವಿಜ್ಞಾನದಲ್ಲಿ ಯಾಕೆ ಕಮ್ಮಿ ಬಂತು" ಎಂದು ಕೇಳುವ ಪಾಲಕರು ಮೊದಲು ಉತ್ತರಪತ್ರಿಕೆ ತೆರೆದು ಅಂಕ ಎಲ್ಲಿ ಹೋಯಿತೆಂದು ನೋಡಬೇಕು. ವಿದ್ಯುತ್ತು, ಬೆಳಕಿನ ಪ್ರಶ್ನೆಯಲ್ಲಿ ಹೋಗಿದ್ದರೆ ಗಣಿತದ ಮಾಸ್ತರ ಹತ್ತಿರ ಮಾತಾಡಬೇಕು. ಇದನ್ನು ಯಾರೂ ಹೇಳಿಕೊಡುವುದಿಲ್ಲ.

ನಮ್ಮ ಕಡೆ ಪಿರಿಯಡ್ಡಿಗೆ ತಾಸು ಎನ್ನುತ್ತೇವೆ, ಅದು ನಲವತ್ತೇ ನಿಮಿಷದ್ದಾದರೂ. ಸೋಮವಾರದಿಂದ ಶುಕ್ರವಾರದ ತನಕ ದಿನಕ್ಕೆ ಏಳು, ಶನಿವಾರ ಬೆಳಗಿನ ಶಾಲೆಯಲ್ಲಿ ನಾಲ್ಕು. ಒಂದು ತರಗತಿಗೆ ವಾರಕ್ಕೆ 39 ತಾಸು. ನಮ್ಮಲ್ಲಿ ಅದನ್ನು ಹಂಚುವುದು ಹೀಗೆ: ಕನ್ನಡ, ಗಣಿತ, ಸಮಾಜಕ್ಕೆ ಆರಾರು, ಇಂಗ್ಲಿಷಿಗೆ ಐದು, ಹಿಂದಿಗೆ ನಾಲ್ಕು. ವಿಜ್ಞಾನಕ್ಕೂ ಆರು, ಅದರಲ್ಲಿ ಭೌತಶಾಸ್ತ್ರಕ್ಕೆ ಸಿಗುವುದು ಎರಡೇ. ಉಳಿದ ಆರರಲ್ಲಿ ಆಟಕ್ಕೆ ಮೂರು, ಚಿತ್ರಕಲೆ, ಗ್ರಂಥಾಲಯ, ಮೌಲ್ಯಶಿಕ್ಷಣಕ್ಕೆ ಒಂದೊಂದು. ಈಗ ಮೂರು ತರಗತಿಗೆ ಕೂಡಿಸಿ ನೋಡಿ. ಪಿಸಿಎಂ ಮಾಸ್ತರ ಪಾಲಿಗೆ ವಾರಕ್ಕೆ 24 ತಾಸು. ನನಗೆ 18. ಹಿಂದಿಗೆ 12. ಸಂಬಳ ಬೇರೆ ಬೇರೆಯೇನಲ್ಲ.

ಮೂರು ಕೋಣೆಗಳಲ್ಲಿ ಯಾವ ಹೊತ್ತಿನಲ್ಲೂ ಮೂವರು ಇರಲೇಬೇಕು. ಇರುವವರು ಏಳು ಜನ. ಒಬ್ಬರು ತರಬೇತಿಗೆ ಹೋದರು, ಒಬ್ಬರು ಚುನಾವಣೆ ಕೆಲಸಕ್ಕೆ ಹೋದರು, ಒಬ್ಬರು ಮಕ್ಕಳನ್ನು ಕಟ್ಟಿಕೊಂಡು ಕ್ರೀಡಾಕೂಟಕ್ಕೆ ಹೋದರು ಎಂದರೆ ಉಳಿದ ನಾಲ್ವರು ದಿನವಿಡೀ ಕೋಣೆಯಿಂದ ಕೋಣೆಗೆ ಓಡಬೇಕು. ವರ್ಗಾವಣೆಯಲ್ಲಿ ಒಂದು ಹುದ್ದೆ ಖಾಲಿಯಾದರೆ ಅತಿಥಿ ಶಿಕ್ಷಕರ ಆದೇಶ ಬರುವ ತನಕ ಆ ವಿಷಯದ ತಾಸುಗಳು ಬರಿದಾಗಿಯೇ ಇರುತ್ತವೆ. ಹಿಂದಿ ಪಾಠವನ್ನು ದೈಹಿಕ ಶಿಕ್ಷಕರು ಓದಿಸಿದ ವರ್ಷವೂ ಇತ್ತು. ಮಕ್ಕಳಿಗೆ ಅದೇ ಇಷ್ಟವಾಗಿತ್ತು, ಆ ಮಾತು ಬೇರೆ.

ಈ ಪಟ್ಟಿಯನ್ನು ನಾನು ಹಾಕುವುದು ಪೆನ್ಸಿಲ್ಲಿನಲ್ಲಿ. ಕಾರಣ ಮಳೆ.

ಮಳೆಗಾಲದ ರಾತ್ರಿ ಜಿಲ್ಲಾಧಿಕಾರಿಗಳ ರಜೆ ಆದೇಶ ವಾಟ್ಸ್ಯಾಪಿನಲ್ಲಿ ಬರುವುದನ್ನು ಮಕ್ಕಳು ನಮಗಿಂತ ಮೊದಲು ನೋಡಿರುತ್ತಾರೆ. ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ, ಭಟ್ಕಳ ಎಂದು ತಾಲೂಕುಗಳ ಹೆಸರು ಸಾಲಾಗಿ ಇರುತ್ತದೆ; ಮಳೆ ಜೋರಾದರೆ ಘಟ್ಟದ ಮೇಲಿನ ಶಿರಸಿ, ಸಿದ್ದಾಪುರ, ಯಲ್ಲಾಪುರವೂ ಸೇರಿಕೊಳ್ಳುತ್ತವೆ. ರಜೆ ಪಾಪವಲ್ಲ, ತುಂಬಿದ ಹಳ್ಳ ದಾಟಿ ಮಗು ಬರುವುದು ಬೇಡವೇ ಬೇಡ. ಆದರೆ ಲೆಕ್ಕ ನೋಡಿ. ಮಂಗಳವಾರ ರಜೆಯಾದರೆ ಗಣಿತಕ್ಕೆ ಆರರಲ್ಲಿ ಒಂದು ತಾಸು ಹೋಯಿತು, ಆ ವಾರದ ಆರನೇ ಒಂದು ಭಾಗ. ಭೌತಶಾಸ್ತ್ರಕ್ಕೆ ಎರಡರಲ್ಲಿ ಒಂದು, ಅಂದರೆ ಅರ್ಧ ವಾರವೇ ಹೋಯಿತು. ಮಳೆ ರಜೆ ಬಂದರೆ ಒಂದೇ ದಿನಕ್ಕೆ ನಿಲ್ಲುವುದು ಅಪರೂಪ, ಮರುದಿನಕ್ಕೂ ಎಳೆಯುತ್ತದೆ. ಅದಕ್ಕೇ ಕಡಿಮೆ ತಾಸಿರುವ ವಿಷಯಗಳನ್ನು ನಾನು ಎಂದೂ ಬೆನ್ನುಬೆನ್ನಿಗೆ ಎರಡು ದಿನ ಇಡುವುದಿಲ್ಲ. ಮಂಗಳವಾರ ಒಂದು, ಶುಕ್ರವಾರ ಒಂದು. ಹೋದ ತಾಸುಗಳನ್ನು ಆಮೇಲೆ ಶನಿವಾರ ಮಧ್ಯಾಹ್ನ ಕೂರಿಸಿ ತುಂಬಿಕೊಡಬೇಕು. ಎಂಟನೇ ತರಗತಿಗೆ ಇದರಲ್ಲಿ ರಿಯಾಯಿತಿಯೇ ಇಲ್ಲ. ಹೈಸ್ಕೂಲಿನ ಕಟ್ಟಡದಲ್ಲಿ ಕೂತಿದ್ದರೂ 2009ರ ಶಿಕ್ಷಣ ಹಕ್ಕು ಕಾಯ್ದೆಯ ಕಣ್ಣಿಗೆ ಅದು ಪ್ರಾಥಮಿಕವೇ, ಆರರಿಂದ ಎಂಟನೇ ತರಗತಿಗೆ ವರ್ಷಕ್ಕೆ 220 ದಿನ, 1,000 ಗಂಟೆ ಪಾಠ ಆಗಲೇಬೇಕೆಂದು ಕಾಯ್ದೆ ಹೇಳುತ್ತದೆ.

ಮಳೆ ಇನ್ನೊಂದು ಕೆಲಸವನ್ನೂ ಮಾಡುತ್ತದೆ. ನಮ್ಮ ಮೂರು ಕೋಣೆಗಳಲ್ಲಿ ಎರಡಕ್ಕೆ ಹಂಚು, ಒಂದಕ್ಕೆ ತಗಡು. ಜುಲೈಯಲ್ಲಿ ತಗಡಿನ ಕೋಣೆಯಲ್ಲಿ ಮಳೆ ಹೊಡೆಯತೊಡಗಿದರೆ ಎದುರಿಗೆ ನಿಂತು ಕೂಗಿದರೂ ಎರಡನೇ ಬೆಂಚಿಗೆ ಕೇಳುವುದಿಲ್ಲ. ಕನ್ನಡ ಮಾಸ್ತರು ಪದ್ಯ ವಾಚಿಸುವ ಹಾಗಿಲ್ಲ, ಇಂಗ್ಲಿಷ್ ಉಚ್ಚಾರಣೆ ತಿದ್ದುವ ಹಾಗಿಲ್ಲ. ಆದ್ದರಿಂದ ಜುಲೈ ತಿಂಗಳ ಮಟ್ಟಿಗೆ ಆ ಕೋಣೆ ಬರೆಯುವ ಕೆಲಸಕ್ಕೆ ಮೀಸಲು: ಗಣಿತದ ರಚನೆಗಳು, ವಿಜ್ಞಾನದ ಚಿತ್ರಗಳು, ನನ್ನ ನಕ್ಷೆಗಳು. ಹತ್ತನೇ ತರಗತಿಯ ಸಮಾಜದ ಪರೀಕ್ಷೆಯಲ್ಲಿ ಭಾರತದ ನಕ್ಷೆ ಬರೆದು ಸ್ಥಳ ಗುರುತಿಸುವ ಪ್ರಶ್ನೆ ಕಟ್ಟಿಟ್ಟದ್ದು. ಕೈ ಕೂರಬೇಕೆಂದರೆ ಹತ್ತಿಪ್ಪತ್ತು ಸಲ ಬರೆಯಬೇಕು. ನಮ್ಮ ಮಕ್ಕಳು ಪಶ್ಚಿಮ ಕರಾವಳಿಯ ಗೆರೆಯನ್ನು ಸಲೀಸಾಗಿ ಎಳೆದುಬಿಡುತ್ತಾರೆ, ಈಶಾನ್ಯಕ್ಕೆ ಹೋದಾಗ ಪೆನ್ಸಿಲ್ಲು ತಡವರಿಸುತ್ತದೆ. ಜುಲೈ ಮುಗಿಯುವುದರೊಳಗೆ ಎಲ್ಲರ ಕೈಯೂ ಪಳಗಿರುತ್ತದೆ. ತಗಡಿನ ಮಾಡಿಗೆ ಈ ಒಂದು ವಿಷಯದಲ್ಲಿ ನಾನು ಋಣಿ.

ಜೂನ್‌ನ ಮೊದಲ ವಾರಗಳು ಪಾಠದವಲ್ಲ, ಸೇತುಬಂಧದವು. ಹಿಂದಿನ ತರಗತಿಯದು ಎಷ್ಟು ನೆನಪಿದೆ ಎಂದು ಒಂದು ಪೂರ್ವಪರೀಕ್ಷೆ, ಕೊರತೆ ಇರುವಲ್ಲಿ ಮತ್ತೆ ಕಲಿಸುವುದು, ಮತ್ತೊಂದು ಪರೀಕ್ಷೆ. ಪ್ರತಿ ವಿಷಯದವರೂ ತಮ್ಮ ತಮ್ಮ ಸೇತುಬಂಧ ಮಾಡುತ್ತಾರೆ. ಗಣಿತದವರಿಗೆ ಭಿನ್ನರಾಶಿಯಲ್ಲಿ ಸಿಕ್ಕಿಬಿದ್ದವರ ಪಟ್ಟಿ ಸಿಗುತ್ತದೆ, ಕನ್ನಡದವರಿಗೆ ಮನೆಯಲ್ಲಿ ಕೊಂಕಣಿ ಮಾತಾಡಿ ಬಂದು ಕನ್ನಡ ಬರೆಯುವಾಗ ಎಡವುವವರ ಪಟ್ಟಿ. ಪಾಲಕರು ಶಾಲೆಗೆ ಬರಲು ಇದಕ್ಕಿಂತ ಒಳ್ಳೆಯ ಹೊತ್ತಿಲ್ಲ. ಮಗು ಎಲ್ಲಿ ನಿಂತಿದೆ ಎಂಬುದು ನಮ್ಮ ಮುಂದೆ ಕಾಗದದಲ್ಲಿ ಇರುತ್ತದೆ. ಆದರೆ ಬರುವವರು ಕಡಿಮೆ. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ. ಬಂದರಿನ ಕಡೆಯ ಮನೆಗಳಲ್ಲಿ ಕೈ ಖಾಲಿ ಇರುವ ಎರಡು ತಿಂಗಳುಗಳೇ ನೋಟ್‌ಬುಕ್ಕು, ಕೊಡೆ, ಚಪ್ಪಲಿ ಕೊಳ್ಳುವ ಎರಡು ತಿಂಗಳುಗಳು. ಅದಕ್ಕೇ ನೋಟ್‌ಬುಕ್ಕು ತಾರದ ಮಗುವನ್ನು ಜುಲೈಯಲ್ಲಿ ಎದ್ದು ನಿಲ್ಲಿಸಬಾರದೆಂದು ನಮ್ಮ ಸ್ಟಾಫ್ ರೂಮಿನಲ್ಲೊಂದು ಬಾಯಿಮಾತಿನ ಒಪ್ಪಂದವಿದೆ.

ಇನ್ನು ಎಫ್‌ಎ, ಎಸ್‌ಎ. ಪಾಲಕರ ಸಭೆಯಲ್ಲಿ ಅತಿ ಹೆಚ್ಚು ಹುಬ್ಬು ಗಂಟಿಕ್ಕುವುದು ಇಲ್ಲಿಯೇ. ರೂಪಣಾತ್ಮಕ ಮೌಲ್ಯಮಾಪನ ಎಫ್‌ಎ, ಸಂಕಲನಾತ್ಮಕ ಮೌಲ್ಯಮಾಪನ ಎಸ್‌ಎ. ಎಫ್‌ಎ ವರ್ಷಕ್ಕೆ ನಾಲ್ಕು, ಪಾಠ ನಡೆಯುತ್ತಿರುವಾಗಲೇ ನಡೆಯುವಂಥವು. ಎಸ್‌ಎ ಎಂದರೆ ಹಳೆಯ ಕಾಲದ ಅರ್ಧವಾರ್ಷಿಕ, ವಾರ್ಷಿಕ ಪರೀಕ್ಷೆ. ಎರಡು ಎಫ್‌ಎ ಮುಗಿದ ಮೇಲೆ ದಸರಾ ರಜೆಯ ಹೊತ್ತಿಗೆ ಒಂದು ಎಸ್‌ಎ, ಆಮೇಲೆ ಮತ್ತೆರಡು ಎಫ್‌ಎ.

ಹತ್ತನೆಯವರ ಲೆಕ್ಕ ತುಸು ಬಿಡಿಸಿ ನೋಡೋಣ. ಎಸ್ಸೆಸ್ಸೆಲ್ಸಿಯ 625 ಎಂದರೆ ಪ್ರಥಮ ಭಾಷೆಗೆ 125, ಉಳಿದ ಐದಕ್ಕೆ ನೂರು ನೂರು. ನೂರರಲ್ಲಿ 80 ಲಿಖಿತ ಪರೀಕ್ಷೆಗೆ, 20 ಆಂತರಿಕ. ಪ್ರಥಮ ಭಾಷೆಗೆ 100 ಮತ್ತು 25. ಆ ಆಂತರಿಕ ಅಂಕ ಬರುವುದು ಎಫ್‌ಎಗಳಿಂದ: ಒಂದೊಂದು ಎಫ್‌ಎಗೆ 50, ಅದರಲ್ಲಿ 15ರ ಎರಡು ಚಟುವಟಿಕೆ, 20ರ ಒಂದು ಕಿರುಪರೀಕ್ಷೆ. ನಾಲ್ಕೂ ಸೇರಿ 200, ಅದನ್ನು 20ಕ್ಕೆ ಇಳಿಸುವುದು. ಅಂದರೆ ಮೊದಲ ಎಫ್‌ಎಯಲ್ಲಿ ಹತ್ತು ಅಂಕ ಹೋಯಿತೆಂದು ಮನೆಯಲ್ಲಿ ರಂಪ ಮಾಡಿದರೆ, ಕೊನೆಗೆ ಕಡಿಮೆಯಾಗುವುದು ಒಂದೇ ಒಂದು ಅಂಕ. ರಂಪ ಬೇಡ. ಆದರೆ ಹತ್ತು ಯಾಕೆ ಹೋಯಿತೆಂದು ಕೇಳಿ. ಆ ಕಾರಣವೇ 80ರ ಪತ್ರಿಕೆಯಲ್ಲಿ ಮತ್ತೆ ಎದುರಾಗುತ್ತದೆ.

ಇದೇ ಲೆಕ್ಕವನ್ನು ನಮ್ಮ ಮೇಜಿನ ಕಡೆಯಿಂದ ನೋಡಿ. ಒಂದು ಮಗುವಿಗೆ ಆರು ವಿಷಯ, ನಾಲ್ಕು ಎಫ್‌ಎ, ಎರಡೆರಡು ಚಟುವಟಿಕೆ: ವರ್ಷಕ್ಕೆ 48. ನನ್ನ ಮೂರು ತರಗತಿಯಲ್ಲಿ 105 ಮಕ್ಕಳಿದ್ದ ವರ್ಷ ನಾನೊಬ್ಬಳೇ ನೋಡಿದ ಚಟುವಟಿಕೆಗಳು 840. ಆರು ಜನ ಒಬ್ಬರಿಗೊಬ್ಬರು ಹೇಳಿಕೊಳ್ಳದೆ ಒಂದೇ ವಾರದಲ್ಲಿ ಚಟುವಟಿಕೆ ಕೊಟ್ಟರೆ ಮಗು ಪೇಟೆಗೆ ಹೋಗಿ ಥರ್ಮೋಕೋಲು ತರುತ್ತದೆ, ಅಣ್ಣ ಮೊಬೈಲಿನಿಂದ ಪ್ರಿಂಟ್ ತೆಗೆಸುತ್ತಾನೆ, ಅಂಟು ಆರುವ ಮೊದಲೇ ನಮ್ಮ ಮೇಜಿಗೆ ಬರುತ್ತದೆ. ದುಡ್ಡು ಕೊಟ್ಟು ಕೊಂಡು ತರಬೇಕಾದ ಚಟುವಟಿಕೆ ಚಟುವಟಿಕೆಯೇ ಅಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಕೊಳ್ಳದೆ ಮಾಡಿದ ಒಂದನ್ನು ಹೇಳುತ್ತೇನೆ. ಆಮ್ಲ, ಪ್ರತ್ಯಾಮ್ಲದ ಪಾಠಕ್ಕೆ ಯಾವುದು ಯಾವುದೆಂದು ಬಣ್ಣದಿಂದ ತೋರಿಸುವ ಸೂಚಕ ಬೇಕು. ಗಣಿತ, ವಿಜ್ಞಾನದ ಪುಸ್ತಕಗಳು ಎನ್‌ಸಿಇಆರ್‌ಟಿ ಪಠ್ಯದ ಕನ್ನಡ ರೂಪ. ವಿಜ್ಞಾನದ ಪುಸ್ತಕದಲ್ಲಿ ಕೆಂಪು ಎಲೆಕೋಸಿನ ರಸದ ಮಾತು ಬರುತ್ತದೆ. ನಮ್ಮೂರ ಸಂತೆಯಲ್ಲಿ ಕೆಂಪು ಕೋಸು ಎಲ್ಲಿ ಸಿಗಬೇಕು? ಸಿಬಿಜೆಡ್ ಅಕ್ಕೋರು ಹೇಳಿದರು, ಮನೆಯಲ್ಲಿ ಒಣಗಿಸಿಟ್ಟ ಮುರುಗಲ ಸಿಪ್ಪೆ ನಾಲ್ಕು ತನ್ನಿ. ಬಿಸಿನೀರಲ್ಲಿ ನೆನೆಹಾಕಿದ ರಸ ಕೆಂಪಗೆ ಬಂತು. ಒಂದು ಲೋಟಕ್ಕೆ ಲಿಂಬೆರಸ ಹಿಂಡಿದರು, ಕೆಂಪು ಹಾಗೇ ಉಳಿಯಿತು. ಇನ್ನೊಂದಕ್ಕೆ ಸೋಪಿನ ನೀರು ಬಿಟ್ಟರು, ಕೆಂಪು ಹೋಗಿ ಬಣ್ಣ ತಿರುಗಿತು. ಹಿಂದಿನ ಬೆಂಚಿನ ಒಬ್ಬಳು, "ಅಕ್ಕೋರೇ, ಅಮ್ಮ ಸಾರು ಕಾಸಿದ ಪಾತ್ರೆ ತೊಳೆವಾಗ ಹಿಂಗೇ ಆಗ್ತದೆ" ಎಂದಳು. ಆ ಮಾತಿಗೆ 15ಕ್ಕೆ 15 ಕೊಟ್ಟರಂತೆ. ಕೊಡಬೇಕಾದ್ದೇ.

ಕನ್ನಡದಲ್ಲೂ ಇಂಥದ್ದೊಂದು ಆಗುತ್ತದೆ. ಛಂದಸ್ಸು ಎಂದರೆ ಮಕ್ಕಳಿಗೆ ತಲೆನೋವು. ಭಾಮಿನಿ ಷಟ್ಪದಿಯ ಒಂದು, ಎರಡು, ನಾಲ್ಕು, ಐದನೇ ಸಾಲುಗಳಲ್ಲಿ ಮೂರು, ನಾಲ್ಕು, ಮೂರು, ನಾಲ್ಕರ ಗಣಗಳಾಗಿ 14 ಮಾತ್ರೆ. ಮೂರು ಮತ್ತು ಆರನೇ ಸಾಲುಗಳಲ್ಲಿ ಅದರ ಒಂದೂವರೆ ಪಟ್ಟು, ಕೊನೆಗೊಂದು ಗುರು, ಒಟ್ಟು 23. ಇಡೀ ಪದ್ಯಕ್ಕೆ 102. ಹಲಗೆಯ ಮೇಲೆ ಲಘು, ಗುರು ಗುರುತು ಹಾಕಿದರೆ ಅರ್ಧ ತರಗತಿ ಆಕಳಿಸುತ್ತದೆ. ಹೊನ್ನಾವರ ಕಡೆಯಿಂದ ಬಂದ ಒಬ್ಬ ಹುಡುಗ, ಪರೀಕ್ಷೆಯಲ್ಲಿ ಪ್ರಸ್ತಾರ ಹಾಕಲು ಬಾರದವನು, ಯಕ್ಷಗಾನದ ಭಾಗವತರು ಭಾಮಿನಿ ಎತ್ತುವ ಧಾಟಿಯಲ್ಲಿ ಪದ್ಯ ಹೇಳುತ್ತ ಬೆಂಚಿನ ಮೇಲೆ ಬೆರಳಿನಿಂದ ಬಡಿಯತೊಡಗಿದ. ಮೂರು, ನಾಲ್ಕು, ಮೂರು, ನಾಲ್ಕು. ಮಾಸ್ತರು ಹಲಗೆ ಒರೆಸಿ, ಅವನ ಬೆರಳಿನ ಪೆಟ್ಟುಗಳನ್ನೇ ಗೆರೆ ಎಳೆದು ಗಣ ವಿಭಾಗಿಸಿದರು. ಅಂದು ಹಂಚಿನ ಕೋಣೆಯಲ್ಲಿ ಇದ್ದರು, ಪುಣ್ಯ.

ಪ್ರಥಮ ಭಾಷೆಯಾಗಿ ಸಂಸ್ಕೃತ ತೆಗೆದುಕೊಳ್ಳುವ ಅವಕಾಶವಿರುವ ಶಾಲೆಗಳೂ ಉಂಟು. 125ಕ್ಕೆ 125 ಬೀಳುತ್ತದೆ ಎಂಬ ಲೆಕ್ಕಾಚಾರದಲ್ಲಿ ಹಲವರು ಹೋಗುತ್ತಾರೆ. ಸಂಸ್ಕೃತದ ಮೇಲೆ ಪ್ರೀತಿಯಿಂದ ಹೋದರೆ ಸಂತೋಷ, ಬರೀ ಅಂಕಕ್ಕಾಗಿ ಹೋದವರು ಮುಂದೆ ಎರಡೂ ಭಾಷೆಯಲ್ಲಿ ಅರೆಬರೆಯಾದದ್ದನ್ನು ನೋಡಿದ್ದೇನೆ.

ನನ್ನ ವಿಷಯದ ಕಷ್ಟ ಬೇರೆ. ಸಮಾಜ ವಿಜ್ಞಾನ ಎನ್ನುವುದು ಒಂದು ವಿಷಯವಲ್ಲ, ಆರು: ಇತಿಹಾಸ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ, ಭೂಗೋಳ, ಅರ್ಥಶಾಸ್ತ್ರ, ವ್ಯವಹಾರ ಅಧ್ಯಯನ. ನಾನು ಓದಿದ್ದು ಇತಿಹಾಸ. ಬ್ಯಾಂಕಿನ ಚೆಕ್ಕು, ವಿಮೆಯ ಪಾಠ ಮಾಡುವಾಗ ಮೊದಲೆರಡು ವರ್ಷ ಹಿಂದಿನ ರಾತ್ರಿ ಓದಿಕೊಂಡು ಬರುತ್ತಿದ್ದೆ. ಮೇ ಕೊನೆಯಲ್ಲೇ ವಾರ್ಷಿಕ ಕ್ರಿಯಾಯೋಜನೆ ಬರೆದು, ಯಾವ ತಿಂಗಳು ಯಾವ ಪಾಠ ಎಂದು ಹೆಡ್‌ಮಾಸ್ತರ ಸಹಿ ಹಾಕಿಸಿರುತ್ತೇವೆ. 2024ರ ಯೋಜನೆಯಲ್ಲಿ ನೈಸರ್ಗಿಕ ವಿಪತ್ತುಗಳ ಪಾಠವನ್ನು ನಾನು ಜನವರಿಗೆ ಬರೆದಿದ್ದೆ. ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿ 66ರ ಮೇಲೆ ಗುಡ್ಡ ಕುಸಿದು ಗಂಗಾವಳಿ ನದಿಗೆ ಬಿತ್ತು. ಮೂರು ವಾರ ಕಳೆಯುತ್ತಿದ್ದಂತೆ ಕಾರವಾರದಲ್ಲಿ ಕಾಳಿ ನದಿಯ ಹಳೆಯ ಸೇತುವೆ ರಾತ್ರಿ ಮುರಿದುಬಿತ್ತು. ಮಕ್ಕಳು ಬೇರೆ ಏನನ್ನೂ ಕೇಳುವ ಸ್ಥಿತಿಯಲ್ಲಿರಲಿಲ್ಲ. ಜನವರಿಯ ಪಾಠ ಆಗಸ್ಟಿಗೆ ಬಂತು. ಗುಡ್ಡದ ಬುಡ ಕಡಿದರೆ ಮೇಲಿನ ಮಣ್ಣಿಗೆ ಆಧಾರ ಹೇಗೆ ತಪ್ಪುತ್ತದೆ, ಜಂಬಿಟ್ಟಿಗೆಯೊಳಗೆ ನೀರು ತುಂಬಿದರೆ ಭಾರ ಹೇಗೆ ಹೆಚ್ಚುತ್ತದೆ ಎಂದು ಅಂಗಳದ ಮಣ್ಣಿನಲ್ಲೇ ತೋರಿಸಿದೆ. ಯೋಜನೆಯ ಪುಸ್ತಕದಲ್ಲಿ ಕೆಂಪು ಶಾಯಿಯಲ್ಲಿ ಬದಲಾವಣೆ ಬರೆದು ಮತ್ತೊಮ್ಮೆ ಸಹಿ ಹಾಕಿಸಬೇಕಾಯಿತು.

ಚೌತಿ, ದಸರಾ ಕಳೆದ ಮೇಲಿನ ಎರಡು ತಿಂಗಳನ್ನು ಬೇಗ ದಾಟುತ್ತೇನೆ, ನಾವೂ ಹಾಗೇ ದಾಟುತ್ತೇವೆ. ಪ್ರತಿಭಾ ಕಾರಂಜಿ, ಕ್ರೀಡಾಕೂಟ, ವಿಜ್ಞಾನ ನಾಟಕ, ಪ್ರವಾಸ. ತಾಲೂಕಿಗೆ ಗೆದ್ದರೆ ಜಿಲ್ಲೆಗೆ. ಇಲ್ಲಿ ಜಿಲ್ಲೆ ಎಂದರೂ ಎರಡು: ಕಂದಾಯ ಜಿಲ್ಲೆ ಒಂದೇ ಆದರೂ ಶಿಕ್ಷಣ ಇಲಾಖೆಗೆ ಕರಾವಳಿಯ ಐದು ತಾಲೂಕುಗಳ ಉತ್ತರ ಕನ್ನಡ ಬೇರೆ, ಘಟ್ಟದ ಮೇಲಿನ ಶಿರಸಿ ಬೇರೆ. ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲೂ ಎರಡಕ್ಕೂ ಪ್ರತ್ಯೇಕ ಸಾಲು. 2025ರ ಪರೀಕ್ಷೆ-1ರಲ್ಲಿ ರಾಜ್ಯಕ್ಕೆ ಮೂರನೇ ಸ್ಥಾನ ಬಂದದ್ದು ಕರಾವಳಿಯ ಸಾಲಿಗೆ.

ಈ ಗದ್ದಲದಲ್ಲಿ ಎಂಟನೆಯವರ ಪಾಲಕರು ಮರೆಯಬಾರದ್ದು ಎನ್‌ಎಂಎಂಎಸ್ ಎಂಬ ವಿದ್ಯಾರ್ಥಿವೇತನದ ಪರೀಕ್ಷೆ. ಸರ್ಕಾರಿ ಮತ್ತು ಅನುದಾನಿತ ಶಾಲೆಯ ಮಕ್ಕಳಿಗೆ, ಮನೆಯ ವರಮಾನ ವರ್ಷಕ್ಕೆ ಮೂರೂವರೆ ಲಕ್ಷದೊಳಗಿದ್ದರೆ ಬರೆಯಬಹುದು. ಆಯ್ಕೆಯಾದರೆ ಒಂಬತ್ತರಿಂದ ಹನ್ನೆರಡನೇ ತರಗತಿಯ ತನಕ ವರ್ಷಕ್ಕೆ 12,000 ರೂಪಾಯಿ. ಪತ್ರಿಕೆಯ ಒಂದು ಭಾಗ ತರ್ಕದ್ದು, ಇನ್ನೊಂದು ಗಣಿತ, ವಿಜ್ಞಾನ, ಸಮಾಜದ್ದು, 90 ಪ್ರಶ್ನೆ ಒಂದೊಂದರಲ್ಲಿ. ತರ್ಕದ ಭಾಗ ಯಾರ ವಿಷಯವೂ ಅಲ್ಲ, ಹಾಗಾಗಿ ಯಾರೂ ಕಲಿಸದೆ ಉಳಿಯುವ ಅಪಾಯ ಇದೆ. ನಮ್ಮಲ್ಲಿ ಅದನ್ನು ಗ್ರಂಥಾಲಯದ ತಾಸಿಗೆ ತೂರಿಸಿದ್ದೇನೆ.

ಡಿಸೆಂಬರ್, ಜನವರಿಯಲ್ಲಿ ಹಾಜರಿ ಪುಸ್ತಕ ಬೇರೆ ಕಥೆ ಹೇಳುತ್ತದೆ. ಮಳೆ ಇಲ್ಲ, ಹಳ್ಳ ಬತ್ತಿದೆ, ಆದರೂ ಮೊದಲ ತಾಸಿಗೆ ಅರ್ಧ ಜನ ತೂಕಡಿಸುತ್ತಾರೆ. ತೋಟದ ಮನೆಗಳಲ್ಲಿ ಅಡಿಕೆ ಕೊಯ್ಲು. ರಾತ್ರಿ ಊಟದ ಮೇಲೆ ಅಂಗಳದಲ್ಲಿ ಮೆಟ್ಟುಗತ್ತಿ ಇಟ್ಟುಕೊಂಡು ಮನೆಮಂದಿಯೆಲ್ಲ ಸುಲಿಯಲು ಕೂರುತ್ತಾರೆ, ಮಕ್ಕಳೂ ಕೂರುತ್ತಾರೆ. ಇಲ್ಲದಿದ್ದರೆ ಪಕ್ಕದೂರಿನಲ್ಲಿ ಯಕ್ಷಗಾನದ ಆಟ, ಬೆಳಗಿನ ತನಕ. ಅದಕ್ಕೆ ನವೆಂಬರ್‌ನಲ್ಲಿ ಪಟ್ಟಿ ಅಳಿಸಿ ಗಣಿತವನ್ನು ಮೊದಲ ತಾಸಿನಿಂದ ಎರಡನೆಯದಕ್ಕೆ ಸರಿಸುತ್ತೇನೆ. ಮೊದಲ ತಾಸಿಗೆ ಕನ್ನಡ ಅಥವಾ ಸಮಾಜ. ಸಮಾಜದ ತಾಸಿನಲ್ಲಿ ನಿದ್ದೆ ಮಾಡಿದರೆ ನಷ್ಟ ಕಡಿಮೆ ಎಂದಲ್ಲ. ನಾನೇ ಪಟ್ಟಿ ಹಾಕುವವಳಾದ್ದರಿಂದ ಬೇರೆಯವರ ಮೇಲೆ ಹೊರಿಸಲಾಗದು.

ಜನವರಿ ಮುಗಿಯುವುದರೊಳಗೆ ಹತ್ತನೆಯ ಪಾಠಗಳೆಲ್ಲ ಮುಗಿದಿರಬೇಕು. ಫೆಬ್ರವರಿ ಪೂರ್ವಸಿದ್ಧತಾ ಪರೀಕ್ಷೆಗೆ. ಆಗ ಪ್ರತಿ ವಿಷಯದವರ ಕೈಯಲ್ಲೂ ಒಂದು ನೀಲನಕ್ಷೆ ಇರುತ್ತದೆ, ಯಾವ ಘಟಕಕ್ಕೆ ಎಷ್ಟು ಅಂಕವೆಂದು. ಹಿಂದುಳಿದ ಮಕ್ಕಳನ್ನು ಬೆಳಿಗ್ಗೆ ಒಂಬತ್ತಕ್ಕೆ ಕರೆಸಿ ಅವಷ್ಟನ್ನೇ ತಿದ್ದಿಸುತ್ತೇವೆ: ಒಂದು ಪ್ರಮೇಯ, ಒಂದು ನಕ್ಷೆ, ಒಂದು ಪತ್ರಲೇಖನ. ಇದನ್ನು ಕಲಿಕೆ ಎನ್ನಬೇಕೇ ಎಂದು ಕೇಳಿದರೆ ನನ್ನ ಬಳಿ ಉತ್ತರವಿಲ್ಲ. ಆದರೆ ಎಸ್ಸೆಸ್ಸೆಲ್ಸಿ ಪಾಸಾದ ಕಾಗದ ಕೈಯಲ್ಲಿಲ್ಲದೆ ಹದಿನಾರನೇ ವಯಸ್ಸಿಗೆ ಮನೆಯಲ್ಲಿ ಕೂತ ಹುಡುಗಿಯರನ್ನು ನೋಡಿದ ಮೇಲೆ, ಬೆಳಿಗ್ಗೆ ಒಂಬತ್ತಕ್ಕೆ ಬರುವುದನ್ನು ನಾನು ಬಿಟ್ಟಿಲ್ಲ.

ಘಟ್ಟದ ಮೇಲಿನ ಗೆಳತಿಯರಿಗೆ ಎರಡು ವರ್ಷಕ್ಕೊಮ್ಮೆ ಇನ್ನೊಂದು ಪರೀಕ್ಷೆ: ಶಿರಸಿ ಮಾರಿಕಾಂಬಾ ಜಾತ್ರೆ. 2024ರಲ್ಲಿ ಜಾತ್ರೆ ಮಾರ್ಚ್ 19ಕ್ಕೆ ಶುರು, ಎಸ್ಸೆಸ್ಸೆಲ್ಸಿ 25ಕ್ಕೆ. ಊರು ತುಂಬ ನೆಂಟರು, ತೊಟ್ಟಿಲು, ನಾಟಕದ ಮೈಕು. ಆ ವರ್ಷ ಮಕ್ಕಳನ್ನು ಶಾಲೆಯಲ್ಲೇ ಸಂಜೆ ತನಕ ಕೂರಿಸಿಕೊಂಡು ಓದಿಸಿದೆವೆಂದು ಅವರು ಹೇಳಿದ್ದು.

ಅದೇ 2023-24ರಿಂದ ಎಸ್ಸೆಸ್ಸೆಲ್ಸಿ ವರ್ಷಕ್ಕೆ ಮೂರು ಸಲ. ಪರೀಕ್ಷೆ 1, 2, 3. ಒಂದಕ್ಕಿಂತ ಹೆಚ್ಚು ಸಲ ಬರೆದರೆ ಉತ್ತಮ ಅಂಕ ಉಳಿಯುತ್ತದೆ. ಮಕ್ಕಳಿಗೆ ವರ್ಷ ಹಾಳಾಗುವುದು ತಪ್ಪಿತು. ಶಾಲೆಗೆ ವರ್ಷದ ಕೊನೆ ಎಲ್ಲಿ ಎಂಬುದು ಅಳಿಸಿಹೋಯಿತು. ಏಪ್ರಿಲ್ 10ರ ಹೊತ್ತಿಗೆ ಬಾಗಿಲು ಹಾಕಿ ಬೇಸಿಗೆ ರಜೆ ಎಂದರೂ ಮೌಲ್ಯಮಾಪನ, ಫಲಿತಾಂಶ, ಪಾಸಾಗದೆ ಉಳಿದುಕೊಂಡವರಿಗೆ ರಜೆಯಲ್ಲೇ ವಿಶೇಷ ತರಗತಿ. ಉಳಿದುಕೊಳ್ಳುವುದು ಹೆಚ್ಚಾಗಿ ಗಣಿತ, ವಿಜ್ಞಾನ, ಇಂಗ್ಲಿಷಿನಲ್ಲಿ. ಆದ್ದರಿಂದ ವಾರಕ್ಕೆ 24 ತಾಸು ಮಾಡಿದ ಮಾಸ್ತರೇ ಮೇ ತಿಂಗಳಲ್ಲೂ ಹಲಗೆಯ ಮುಂದೆ.

ಜೂನ್‌ನಲ್ಲಿ ಬಂದ ಆ ತಾಯಿಗೆ ನಾನು ಒಂದು ಚೀಟಿ ಬರೆದುಕೊಟ್ಟಿದ್ದೆ. ತರಗತಿ ಶಿಕ್ಷಕರು ಯಾರು, ಯಾವ ವಿಷಯಕ್ಕೆ ಯಾರು, ಯಾವ ತಾಸಿಗೆ ಅವರು ಖಾಲಿ ಇರುತ್ತಾರೆ. ಮೊನ್ನೆ ಏಪ್ರಿಲ್‌ನಲ್ಲಿ ಮಗಳ ಪ್ರಗತಿಪತ್ರ ಒಯ್ಯಲು ಬಂದಾಗ ಆ ಚೀಟಿ ಅವರ ಪರ್ಸಿನಲ್ಲೇ ಇತ್ತು, ಮಡಿಕೆಯಲ್ಲಿ ಹರಿದಿತ್ತು. "ಬರೂ ವರ್ಷಕ್ಕೂ ಇದೇ ನಡೀತದಾ ಅಕ್ಕೋರೇ?" ಎಂದು ಕೇಳಿದರು. ಇಂಗ್ಲಿಷ್ ಮಾಸ್ತರಿಗೆ ವರ್ಗಾವಣೆಯ ಕೌನ್ಸೆಲಿಂಗ್‌ಗೆ ಕರೆ ಬಂದಿತ್ತು. ಚೀಟಿ ಇಸಿದುಕೊಂಡು ಅವರ ಹೆಸರನ್ನು ರಬ್ಬರಿನಿಂದ ಅಳಿಸಿ, ಜಾಗ ಹಾಗೇ ಬಿಟ್ಟು ತಿರುಗಿ ಕೊಟ್ಟೆ.